ದುಡ್ಡು ಇದೆ, ಮದ್ದುಗುಂಡು ಯಾಕಿಲ್ಲ?

ಓದುಗರ ಪ್ರಶ್ನೆ: ಯುರೋಪಿನ ದೇಶಗಳು, ಜಪಾನ್, ದಕ್ಷಿಣ ಕೊರಿಯಾ ಎಲ್ಲವೂ ಶ್ರೀಮಂತ ದೇಶಗಳು. ಆದರೂ ರಕ್ಷಣೆಗೆ ಅಮೆರಿಕವನ್ನೇ ನೆಚ್ಚಿಕೊಂಡಿವೆ ಅಂತ ಓದುತ್ತಲೇ ಇದ್ದೇನೆ. ಈಗ ನ್ಯಾಟೋ ದೇಶಗಳು ಜಿಡಿಪಿಯ ಶೇ 5ರಷ್ಟು ಖರ್ಚು ಮಾಡುತ್ತೇವೆ ಅಂತ ಒಪ್ಪಿಕೊಂಡಿವೆ. ಅಲ್ಲಿಗೆ ಸಮಸ್ಯೆ ಮುಗಿದ ಹಾಗೆ ಅಲ್ವಾ? ಹಾಗಿದ್ದರೂ ತಜ್ಞರು ಯಾಕೆ ಇನ್ನೂ ತಲೆ ಕೆಡಿಸಿಕೊಂಡಿದ್ದಾರೆ? ಇದರಿಂದ ನಮಗೇನಾದರೂ ಆಗುವುದಿದೆಯೇ?

ಉತ್ತರ:

ಸಮಸ್ಯೆ ಮುಗಿದಿಲ್ಲ. ದುಡ್ಡು ಕೊಡುತ್ತೇವೆ ಅಂತ ಒಪ್ಪುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಆ ದುಡ್ಡು ಶೆಲ್ (ತೋಪಿನ ಗುಂಡು) ಆಗಬೇಕು, ಹಡಗು ಆಗಬೇಕು, ತರಬೇತಿ ಪಡೆದ ಸೈನಿಕ ಆಗಬೇಕು. ಅದಕ್ಕೆ ಕಾರ್ಖಾನೆ ಬೇಕು, ಕೆಲಸಗಾರರು ಬೇಕು, ವರ್ಷಗಳು ಬೇಕು. ಅಡಿಕೆ ಸಸಿ ನೆಟ್ಟ ವರ್ಷವೇ ಗೊನೆ ಬಿಡುವುದಿಲ್ಲ, ಎಷ್ಟೇ ಗೊಬ್ಬರ ಸುರಿದರೂ ಅಷ್ಟೇ. ಇದೂ ಹಾಗೆಯೇ.

ಮೊದಲು ಈ ಶೇಕಡಾ ಲೆಕ್ಕದ ಕಥೆ ಹೇಳುತ್ತೇನೆ. "ನಿಮ್ಮ ಪಾಲು ನೀವು ಕೊಡಿ" ಎನ್ನುವ ಜಗಳ ಹೊಸದಲ್ಲ. ಅಮೆರಿಕ ಮತ್ತು ಯುರೋಪಿನ ದೇಶಗಳ ರಕ್ಷಣಾ ಕೂಟವಾದ ನ್ಯಾಟೋ ಹುಟ್ಟಿದ್ದು 1949ರ ಏಪ್ರಿಲ್‌ನಲ್ಲಿ, 12 ದೇಶಗಳೊಂದಿಗೆ. 1971ರ ಹೊತ್ತಿಗೆ ಅಮೆರಿಕದ ಸೆನೆಟರ್ ಮೈಕ್ ಮ್ಯಾನ್ಸ್‌ಫೀಲ್ಡ್ ಯುರೋಪಿನಲ್ಲಿರುವ ತಮ್ಮ ಸೈನಿಕರಲ್ಲಿ ಅರ್ಧದಷ್ಟು ಜನರನ್ನು ವಾಪಸ್ ಕರೆಸಬೇಕು ಅಂತ ತಿದ್ದುಪಡಿ ತಂದಿದ್ದರು. ಅದು ಸೋತಿತು, ಆದರೆ ದೂರು ನಿಲ್ಲಲಿಲ್ಲ. 2014ರಲ್ಲಿ ರಷ್ಯಾ ಉಕ್ರೇನಿನ ಕ್ರೈಮಿಯಾವನ್ನು ನುಂಗಿದ ಮೇಲೆ, ವೇಲ್ಸ್‌ನಲ್ಲಿ ಸೇರಿದ ನಾಯಕರು ಹತ್ತು ವರ್ಷದಲ್ಲಿ ಶೇ 2ಕ್ಕೆ ತಲುಪುತ್ತೇವೆ ಅಂದರು. ಆಗ ಆ ಗೆರೆ ದಾಟಿದ್ದು ಮೂರೇ ದೇಶ. 2024ರ ಹೊತ್ತಿಗೆ 32ರಲ್ಲಿ 23 ದೇಶಗಳು ದಾಟುತ್ತವೆ ಅಂತ ನ್ಯಾಟೋ ಅಂದಾಜು ಮಾಡಿತು. 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಗುರಿ ಶೇ 5ಕ್ಕೆ ಏರಿತು. 2035ರ ಒಳಗೆ ತಲುಪಬೇಕು. ಅದರಲ್ಲಿ ಶೇ 3.5 ನೇರವಾಗಿ ಸೇನೆಗೆ, ಉಳಿದ ಶೇ 1.5 ರಸ್ತೆ, ಸೇತುವೆ, ಸೈಬರ್ ರಕ್ಷಣೆ, ಕಾರ್ಖಾನೆಗಳಂಥ ವಿಷಯಗಳಿಗೆ.

ಶೇಕಡಾ ಅನ್ನುವುದು ಎಷ್ಟು ಖರ್ಚಾಯಿತು ಅಂತ ಹೇಳುತ್ತದೆ, ಏನು ಬಂತು ಅಂತ ಹೇಳುವುದಿಲ್ಲ. ನ್ಯಾಟೋ ಲೆಕ್ಕದಲ್ಲಿ ನಿವೃತ್ತ ಸೈನಿಕರ ಪಿಂಚಣಿಯೂ ರಕ್ಷಣಾ ವೆಚ್ಚವೇ. ಪಿಂಚಣಿ ಕೊಡುವುದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ಗಡಿಯಲ್ಲಿ ಒಂದು ತೋಪೂ ಹೆಚ್ಚಾಗುವುದಿಲ್ಲ. ಇನ್ನು ಆ ಶೇ 1.5ರ ಭಾಗ ಎಷ್ಟು ಸಡಿಲ ಎಂದರೆ, ಸಿಸಿಲಿಗೆ ಕಟ್ಟಲಿರುವ 13.5 ಬಿಲಿಯನ್ ಯೂರೋ ವೆಚ್ಚದ ಮೆಸ್ಸಿನಾ ಸೇತುವೆಯನ್ನೂ ಇದೇ ಖಾತೆಗೆ ಬರೆಯಬಹುದೇ ಅಂತ ಇಟಲಿಯಲ್ಲಿ ಚರ್ಚೆ ನಡೆಯಿತು. ಆದ್ದರಿಂದ ಶೇಕಡಾ ಓದಿ ಸಮಾಧಾನಪಟ್ಟುಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಒಂದೇ ಒಂದು ವಸ್ತುವನ್ನು ಹಿಡಿದು ನೋಡೋಣ. 155 ಮಿಲಿಮೀಟರ್ ತೋಪಿನ ಶೆಲ್. ತೂಕ ಸುಮಾರು 45 ಕಿಲೋ. ಇದರಲ್ಲಿ ರಾಕೆಟ್ ವಿಜ್ಞಾನ ಇಲ್ಲ, ನೂರು ವರ್ಷದಿಂದ ಮಾಡುತ್ತಾ ಬಂದಿರುವ ವಸ್ತು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದಾಗ ಅಮೆರಿಕ ತಿಂಗಳಿಗೆ ಸುಮಾರು 14,000 ಶೆಲ್ ಮಾಡುತ್ತಿತ್ತು. ಯುದ್ಧ ಜೋರಾಗಿದ್ದ ದಿನಗಳಲ್ಲಿ ಉಕ್ರೇನ್ ದಿನಕ್ಕೆ ಐದಾರು ಸಾವಿರ ಶೆಲ್ ಹಾರಿಸುತ್ತಿತ್ತು. ಲೆಕ್ಕ ಹಾಕಿ. ಜಗತ್ತಿನ ಅತಿ ದೊಡ್ಡ ಸೇನಾ ಶಕ್ತಿಯ ಒಂದು ತಿಂಗಳ ದುಡಿಮೆ ಮೂರು ದಿನಕ್ಕೆ ಖಾಲಿ.

ಸರಿ, ಜಾಸ್ತಿ ಮಾಡೋಣ ಅಂತ ಹೊರಟರು. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಊರಿನಲ್ಲಿ ಶೆಲ್ಲಿನ ಉಕ್ಕಿನ ಕವಚ ತಯಾರಾಗುತ್ತದೆ. ಆ ಕಟ್ಟಡ ಮೂಲದಲ್ಲಿ ರೈಲು ಎಂಜಿನ್ ರಿಪೇರಿ ಮಾಡಲು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಟ್ಟಿದ್ದು. ಉಕ್ಕಿನ ದಿಮ್ಮಿಯನ್ನು ಕೆಂಪಗೆ ಕಾಯಿಸಿ, ಒತ್ತಿ, ಕೊರೆದು, ಬಣ್ಣ ಬಳಿದು, ಅಲ್ಲಿಂದ ಅಯೋವಾ ರಾಜ್ಯಕ್ಕೆ ಕಳಿಸುತ್ತಾರೆ. ಸ್ಫೋಟಕ ತುಂಬುವುದು ಅಲ್ಲಿ. ತೋಪಿನಿಂದ ತಳ್ಳುವ ಮದ್ದು ಇನ್ನೊಂದು ಕಡೆ, ಮೂತಿಗೆ ಹಾಕುವ ಫ್ಯೂಸ್ ಮತ್ತೊಂದು ಕಡೆ. ಮದುವೆ ಮನೆಯ ಅಡುಗೆ ಇದ್ದ ಹಾಗೆ. ಅನ್ನ, ಸಾರು, ಪಲ್ಯ, ಪಾಯಸ ಎಲ್ಲ ಒಟ್ಟಿಗೆ ಆಗಬೇಕು. ಅನ್ನ ಒಂದು ಬೇಯದಿದ್ದರೆ ಪಂಕ್ತಿಯೇ ಕೂರುವುದಿಲ್ಲ.

ಇಲ್ಲಿ ಬೇಯದೇ ಉಳಿದ ಅನ್ನ ಎಂದರೆ ಟಿಎನ್‌ಟಿ. ಆ ಸ್ಫೋಟಕ ತಯಾರಿಸುವಾಗ ವಿಷದ ಕೆಂಪು ನೀರು ಹೊರಬರುತ್ತದೆ. ಪರಿಸರಕ್ಕೆ ಹಾನಿ, ಶುದ್ಧಿ ಮಾಡಲು ಖರ್ಚು. ಶೀತಲ ಸಮರ ಮುಗಿಯುತ್ತಾ ಬಂದಿತ್ತು, ಬೇಡಿಕೆ ಇರಲಿಲ್ಲ. 1986ರಲ್ಲಿ ಅಮೆರಿಕ ತನ್ನ ನೆಲದಲ್ಲಿ ಟಿಎನ್‌ಟಿ ಮಾಡುವುದನ್ನೇ ನಿಲ್ಲಿಸಿತು. ಆಮೇಲೆ ಪೋಲೆಂಡಿನ ಬಿಡ್ಗೊಶ್ಚ್ ನಗರದ ನಿಟ್ರೋ-ಕೆಮ್ ಕಾರ್ಖಾನೆಯಿಂದ ತರಿಸಿಕೊಂಡಿತು. ಪೂರ್ವ ಉಕ್ರೇನಿನ ಒಂದು ಕಾರ್ಖಾನೆಯಿಂದಲೂ ಒಂದಿಷ್ಟು ಬರುತ್ತಿತ್ತು. 2022ರಲ್ಲಿ ಆ ಊರು ರಷ್ಯಾದ ಕೈಸೇರಿತು. ಆಗ ಎಲ್ಲರ ಕಣ್ಣೂ ಪೋಲೆಂಡಿನ ಆ ಒಂದೇ ಕಾರ್ಖಾನೆಯ ಮೇಲೆ ಬಿತ್ತು. ಕೊನೆಗೆ 2024ರ ನವೆಂಬರ್‌ನಲ್ಲಿ ಕೆಂಟಕಿ ರಾಜ್ಯದ ಗ್ರಹಾಂ ಎಂಬ ಊರಲ್ಲಿ 435 ಮಿಲಿಯನ್ ಡಾಲರ್ ಖರ್ಚಿನಲ್ಲಿ ಹೊಸ ಟಿಎನ್‌ಟಿ ಕಾರ್ಖಾನೆ ಕಟ್ಟಲು ಒಪ್ಪಂದ ಆಯಿತು. ಯುದ್ಧ ಶುರುವಾಗಿ ಆಗಲೇ ಎರಡೂವರೆ ವರ್ಷ ದಾಟಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಅಂದರೆ ಇದೇ.

2025ರ ಕೊನೆಗೆ ತಿಂಗಳಿಗೆ ಒಂದು ಲಕ್ಷ ಶೆಲ್ ಅನ್ನುವುದು ಅಮೆರಿಕದ ಗುರಿಯಾಗಿತ್ತು. ಆ ವರ್ಷ ಅದು ತಲುಪಿದ್ದು ಸುಮಾರು 40,000. ಮೊದಲಿಗಿಂತ ಮೂರು ಪಟ್ಟು ಹತ್ತಿರ ಎನ್ನುವುದು ಸಣ್ಣ ಸಾಧನೆ ಅಲ್ಲ. ಆದರೆ ದುಡ್ಡು ಸಾಕಷ್ಟು ಮಂಜೂರಾಗಿತ್ತು ಅನ್ನುವುದನ್ನು ನೆನಪಿಡಿ. ಯುರೋಪ್ ಒಕ್ಕೂಟದ ಕಥೆಯೂ ಬೇರೆಯಲ್ಲ. 2023ರ ಮಾರ್ಚ್‌ನಲ್ಲಿ "ಒಂದು ವರ್ಷದಲ್ಲಿ ಉಕ್ರೇನಿಗೆ ಹತ್ತು ಲಕ್ಷ ಶೆಲ್" ಅಂತ ಮಾತು ಕೊಟ್ಟಿತು. ವರ್ಷ ಮುಗಿದಾಗ ತಲುಪಿದ್ದು ಹೆಚ್ಚುಕಡಿಮೆ ಅದರ ಅರ್ಧ. ಮಾತು ತಪ್ಪಿದ ಆ ತಿಂಗಳುಗಳಲ್ಲಿ ಕಂದಕದಲ್ಲಿ ಕೂತಿದ್ದ ಉಕ್ರೇನ್ ಸೈನಿಕರು ಶೆಲ್ ಎಣಿಸಿ ಎಣಿಸಿ ಹಾರಿಸಿದರು. ಈ ವಿಷಯ ಬರೆಯುವಾಗ ನನಗೆ ಅಂಕಿಗಿಂತ ಮೊದಲು ನೆನಪಾಗುವುದು ಅವರೇ.

ಆದರೆ ಜರ್ಮನಿಯ ರೈನ್‌ಮೆಟಲ್ ಕಂಪನಿ ಉಂಟರ್‌ಲ್ಯೂಸ್ ಊರಲ್ಲಿ 2024ರ ಫೆಬ್ರವರಿಯಲ್ಲಿ ಗುದ್ದಲಿ ಪೂಜೆ ಮಾಡಿ 2025ರ ಆಗಸ್ಟ್‌ನಲ್ಲಿ ಹೊಸ ಶೆಲ್ ಕಾರ್ಖಾನೆಯನ್ನು ತೆರೆಯಿತು. 2027ರ ಹೊತ್ತಿಗೆ ವರ್ಷಕ್ಕೆ 3.5 ಲಕ್ಷ ಶೆಲ್ ಅಲ್ಲಿಂದ ಬರಬೇಕು ಎನ್ನುವುದು ಯೋಜನೆ. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಅಷ್ಟು ಬೇಗ ಆಗಿದ್ದು ಹೇಗೆ? ಬಹು ವರ್ಷಗಳ ಖಾತ್ರಿ ಆರ್ಡರ್ ಕೈಯಲ್ಲಿತ್ತು, ಜಾಗ ಕಂಪನಿಯದೇ ಆಗಿತ್ತು, ಅನುಮತಿಗಳು ತಡವಾಗಲಿಲ್ಲ. ನೀತಿ ಮಾಡುವವರು ಕಲಿಯಬೇಕಾದ್ದು ಇಲ್ಲಿದೆ ಅಂತ ನನ್ನ ನಂಬಿಕೆ. ಯಾವ ಕಾರ್ಖಾನೆಯೂ ಮುಂದಿನ ವರ್ಷ ನಿಂತುಹೋಗಬಹುದಾದ ಆರ್ಡರ್ ನಂಬಿ ಹೊಸ ಯಂತ್ರ ಹಾಕುವುದಿಲ್ಲ.

ಈ ಪರಿಸ್ಥಿತಿ ತಾನಾಗಿ ಬಂದಿದ್ದಲ್ಲ, ಬೇಕಂತಲೇ ತಂದುಕೊಂಡಿದ್ದು. 1993ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಂಪನಿಗಳ ಮುಖ್ಯಸ್ಥರನ್ನು ಊಟಕ್ಕೆ ಕರೆದು, ಬಜೆಟ್ ಇಳಿಯುತ್ತಿದೆ, ನೀವೆಲ್ಲ ಉಳಿಯುವುದಿಲ್ಲ, ಒಬ್ಬರನ್ನೊಬ್ಬರು ಸೇರಿಕೊಳ್ಳಿ ಅಂತ ಹೇಳಿತು. ಉದ್ಯಮದವರು ಅದನ್ನು ಇಂದಿಗೂ "ಕೊನೆಯ ಭೋಜನ" ಅಂತಲೇ ಕರೆಯುತ್ತಾರೆ. 51 ದೊಡ್ಡ ಗುತ್ತಿಗೆ ಕಂಪನಿಗಳಿದ್ದದ್ದು ಮುಂದೆ ಐದಕ್ಕೆ ಇಳಿಯಿತು. ಆಗಿನ ಕಾಲಕ್ಕೆ ಅದು ತಪ್ಪು ನಿರ್ಧಾರ ಅಂತ ನಾನು ಹೇಳಲಾರೆ. ಯುದ್ಧ ಇಲ್ಲದಾಗ ಖಾಲಿ ಕಾರ್ಖಾನೆಗೆ ಸಂಬಳ ಕೊಡುವುದು ಯಾವ ತೆರಿಗೆದಾರನಿಗೂ ಇಷ್ಟ ಆಗುವುದಿಲ್ಲ. ಆದರೆ ಬೆಲೆ ಈಗ ತೆರಬೇಕಾಗಿದೆ. ಶತ್ರುವಿನ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದುರುಳಿಸುವ ಪೇಟ್ರಿಯಟ್ ಕ್ಷಿಪಣಿಯ ಉದಾಹರಣೆ ನೋಡಿ. ಜಪಾನ್‌ನ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ಲೈಸೆನ್ಸ್ ಪಡೆದು ಅದನ್ನು ಮಾಡುತ್ತದೆ. ವರ್ಷಕ್ಕೆ ಸುಮಾರು 30. ಜಾಸ್ತಿ ಮಾಡಿ ಅಂತ ಅಮೆರಿಕವೇ ಕೇಳಿತು. ಆದರೆ ಕ್ಷಿಪಣಿಯ ಕಣ್ಣಿನಂತಿರುವ ಸೀಕರ್ ಎಂಬ ಭಾಗ ಅಮೆರಿಕದ ಬೋಯಿಂಗ್‌ನಿಂದ ಬರಬೇಕು, ಅದೇ ಸಾಕಷ್ಟು ತಯಾರಾಗುತ್ತಿರಲಿಲ್ಲ.

ಇನ್ನು ಹಡಗು. ಇಲ್ಲಿ ಅಮೆರಿಕದ ಪರಿಸ್ಥಿತಿ ಅದರ ಮಿತ್ರರಿಗಿಂತ ಕೆಟ್ಟದಾಗಿದೆ. ಎರಡನೇ ಮಹಾಯುದ್ಧದಲ್ಲಿ 2,700ಕ್ಕೂ ಹೆಚ್ಚು ಲಿಬರ್ಟಿ ಸರಕು ಹಡಗು ಕಟ್ಟಿದ ದೇಶ ಅದು. ಇವತ್ತು ಜಗತ್ತಿನ ವಾಣಿಜ್ಯ ಹಡಗು ನಿರ್ಮಾಣದಲ್ಲಿ ಅದರ ಪಾಲು ಶೇ 1ಕ್ಕೂ ಎಷ್ಟೋ ಕಡಿಮೆ. ಅರ್ಧಕ್ಕಿಂತ ಹೆಚ್ಚು ಚೀನಾದ್ದು. ಆಮೇಲಿನ ಸ್ಥಾನ ಕೊರಿಯಾ ಮತ್ತು ಜಪಾನ್‌ಗೆ.

ಆಸ್ಟ್ರೇಲಿಯಾ 2021ರಲ್ಲಿ ಫ್ರಾನ್ಸ್ ಜೊತೆಗಿನ ಜಲಾಂತರ್ಗಾಮಿ ಒಪ್ಪಂದವನ್ನು ಮುರಿದು, ಆಕಸ್ ಹೆಸರಿನಲ್ಲಿ ಅಮೆರಿಕ, ಬ್ರಿಟನ್ ಜೊತೆ ಸೇರಿತು. ಫ್ರಾನ್ಸ್ ಎಷ್ಟು ನೊಂದುಕೊಂಡಿತು ಅಂದರೆ ವಾಷಿಂಗ್ಟನ್‌ನಿಂದಲೂ ಕ್ಯಾನ್‌ಬೆರಾದಿಂದಲೂ ತನ್ನ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡಿತು. ಆಸ್ಟ್ರೇಲಿಯಾಕ್ಕೆ 2030ರ ದಶಕದ ಆರಂಭದಲ್ಲಿ ವರ್ಜಿನಿಯಾ ಮಾದರಿಯ ಅಣು ಜಲಾಂತರ್ಗಾಮಿ ಸಿಗಬೇಕು. ತನಗೂ ಸಾಕು, ಆಸ್ಟ್ರೇಲಿಯಾಕ್ಕೂ ಕೊಡಬೇಕು ಅಂದರೆ ಅಮೆರಿಕ ವರ್ಷಕ್ಕೆ 2.33 ಕಟ್ಟಬೇಕು. ಕಟ್ಟುತ್ತಿರುವುದು ಸುಮಾರು 1.2. ಆ ಅಂತರ ತುಂಬಲು ಆಸ್ಟ್ರೇಲಿಯಾವೇ ಅಮೆರಿಕದ ಹಡಗುಕಟ್ಟೆಗಳಿಗೆ ಮೂರು ಬಿಲಿಯನ್ ಡಾಲರ್ ಕೊಡಲು ಒಪ್ಪಿ, 2025ರ ಫೆಬ್ರವರಿಯಲ್ಲಿ ಮೊದಲ ಕಂತು 500 ಮಿಲಿಯನ್ ಕೊಟ್ಟಿದೆ. ಮಿತ್ರನೇ ದುಡ್ಡು ಕೊಟ್ಟರೂ ಹಡಗು ಬೇಗ ಬರುತ್ತಿಲ್ಲ. ಜಲಾಂತರ್ಗಾಮಿ ಕಟ್ಟುವ ಕನೆಕ್ಟಿಕಟ್, ವರ್ಜಿನಿಯಾ ರಾಜ್ಯಗಳಲ್ಲಿ ಕೊರತೆ ಇರುವುದು ವೆಲ್ಡರ್‌ಗಳದ್ದು, ಪೈಪ್ ಜೋಡಿಸುವವರದ್ದು. ಅಂಥ ಕೈಗಳು ಪಳಗಲು ವರ್ಷಗಟ್ಟಲೆ ಬೇಕು.

ಹಾಗಾದರೆ ಹಡಗು ಕಟ್ಟುವುದರಲ್ಲಿ ಪಳಗಿದ ಕೊರಿಯನ್ನರನ್ನೇ ಕೇಳಬಹುದಲ್ಲ? ಕೇಳಿದ್ದಾರೆ. ಆದರೆ ಅಮೆರಿಕದ ನೌಕಾಪಡೆಯ ಹಡಗನ್ನು ಹೊರದೇಶದಲ್ಲಿ ಕಟ್ಟಬಾರದು ಅಂತ ಅಲ್ಲಿ ಕಾನೂನಿದೆ. ದೇಶದೊಳಗಿನ ಬಂದರುಗಳ ನಡುವೆ ಓಡುವ ಸರಕು ಹಡಗು ಕೂಡ ಅಲ್ಲೇ ಕಟ್ಟಿದ್ದಾಗಿರಬೇಕು ಅಂತ 1920ರ ಜೋನ್ಸ್ ಕಾಯ್ದೆ ಹೇಳುತ್ತದೆ. ಆದ್ದರಿಂದ ಕೊರಿಯಾದ ಹನ್‌ವ್ಹಾ ಕಂಪನಿ 2024ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದ ಹಡಗುಕಟ್ಟೆಯನ್ನೇ 100 ಮಿಲಿಯನ್ ಡಾಲರ್‌ಗೆ ಕೊಂಡಿತು. ಬುದ್ಧಿವಂತ ನಡೆ. ಆದರೆ ಹೊಸ ಕಟ್ಟೆಯಲ್ಲಿ ಕೆಲಸ ಕಲಿಸಲು ಕೊರಿಯಾದಿಂದ ಕುಶಲಕರ್ಮಿಗಳು ಬರಬೇಕು. ಬರಲು ವೀಸಾ ಬೇಕು.

2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾ ರಾಜ್ಯದಲ್ಲಿ ಕಟ್ಟುತ್ತಿದ್ದ ಹ್ಯೂಂಡೈ-ಎಲ್‌ಜಿ ಬ್ಯಾಟರಿ ಕಾರ್ಖಾನೆಯ ಮೇಲೆ ವಲಸೆ ಅಧಿಕಾರಿಗಳು ದಾಳಿ ಮಾಡಿ 475 ಜನರನ್ನು ಹಿಡಿದರು. ಅವರಲ್ಲಿ 300ಕ್ಕೂ ಹೆಚ್ಚು ಜನ ಕೊರಿಯನ್ನರು. ಕೈಕಾಲಿಗೆ ಸರಪಳಿ ಹಾಕಿ ಕರೆದೊಯ್ಯುವ ದೃಶ್ಯವನ್ನು ಇಡೀ ಕೊರಿಯಾ ನೋಡಿತು. ಒಂದು ವಾರದ ಮೇಲೆ ವಿಶೇಷ ವಿಮಾನದಲ್ಲಿ ಅವರು ಮನೆಗೆ ಮರಳಿದರು. ಅಮೆರಿಕವೇ ಕರೆದು ತರಿಸಿಕೊಂಡ ಬಂಡವಾಳ, ಅಮೆರಿಕಕ್ಕೇ ಬೇಕಾದ ಯಂತ್ರ ಜೋಡಿಸಲು ಬಂದ ಜನ. ಅವರಿಗೆ ಸರಿಯಾದ ವೀಸಾ ದಾರಿಯೇ ಇರಲಿಲ್ಲ. ಆಸ್ಟ್ರೇಲಿಯಾದವರಿಗೆ ಇ-3 ಅಂತ ವರ್ಷಕ್ಕೆ 10,500 ವೀಸಾ ಬೇರೆಯೇ ಇದೆ. ಕೊರಿಯಾಕ್ಕೆ ಅಂಥದ್ದಿಲ್ಲ. 15,000 ವೀಸಾ ಕೊಡುವ ಮಸೂದೆ ವರ್ಷಗಳಿಂದ ಅಮೆರಿಕದ ಸಂಸತ್ತಿನಲ್ಲಿ ಕೂತಿದೆ. ಎಚ್-1ಬಿ ಲಾಟರಿ, ಬಿ-1 ವೀಸಾದಲ್ಲಿ ಯಾವ ಕೆಲಸ ಮಾಡಬಹುದು, ಯಾವುದು ಮಾಡಬಾರದು ಎಂಬ ತಲೆನೋವು ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಿಗೆ ಗೊತ್ತಿರುವುದೇ.

ನಾನು ಈ ಘಟನೆಯನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಪತ್ರಿಕೆಗಳಲ್ಲಿ "ಮೈತ್ರಿ ನೀತಿ" ಅಂದರೆ ಶೃಂಗಸಭೆ, ಕೈಕುಲುಕುವ ಫೋಟೋ. ನಿಜವಾಗಿ ಮೈತ್ರಿ ಉಳಿಯುವುದೋ ಒಡೆಯುವುದೋ ತೀರ್ಮಾನ ಆಗುವುದು ವೀಸಾ ಕಚೇರಿಯಲ್ಲಿ, ಪರಿಸರ ಅನುಮತಿಯ ಕಡತದಲ್ಲಿ, ಐಟಿಐ ತರಗತಿಯಲ್ಲಿ. ಆ ಇಲಾಖೆಗಳವರು ತಾವು ವಿದೇಶಾಂಗ ನೀತಿ ಮಾಡುತ್ತಿದ್ದೇವೆ ಅಂದುಕೊಂಡಿರುವುದೇ ಇಲ್ಲ. ಜಪಾನ್‌ನ ನಿಪ್ಪಾನ್ ಸ್ಟೀಲ್ ಕಂಪನಿ ಯುಎಸ್ ಸ್ಟೀಲನ್ನು ಕೊಳ್ಳಲು 2023ರ ಡಿಸೆಂಬರ್‌ನಲ್ಲಿ ಮುಂದಾದಾಗಲೂ ಹೀಗೇ ಆಯಿತು. ದೇಶದ ಭದ್ರತೆಗೆ ಅಪಾಯ ಅಂತ 2025ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ತಡೆದರು. ಅದೇ ಜೂನ್‌ನಲ್ಲಿ ಟ್ರಂಪ್ ಷರತ್ತು ಹಾಕಿ ಒಪ್ಪಿದರು. ಅಮೆರಿಕದ 50 ಸಾವಿರಕ್ಕೂ ಹೆಚ್ಚು ಸೈನಿಕರಿಗೆ ನೆಲೆ ಕೊಟ್ಟ ದೇಶದ ಕಂಪನಿ ಭದ್ರತೆಗೆ ಅಪಾಯ ಹೇಗಾಗುತ್ತದೆ ಅಂತ ಟೋಕಿಯೋದಲ್ಲಿ ಜನ ಕೇಳಿದ್ದು ಸಹಜ.

ಜನರ ವಿಷಯಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಕಷ್ಟದ ಗಂಟು ಇದು. ಬಂದೂಕು ಕೊಳ್ಳಬಹುದು, ಹಿಡಿಯುವವರು ಎಲ್ಲಿಂದ ಬರಬೇಕು?

ಜಪಾನ್ ರಕ್ಷಣಾ ವೆಚ್ಚದಲ್ಲಿ 1976ರಿಂದ ಹೆಚ್ಚುಕಡಿಮೆ ಜಿಡಿಪಿಯ ಶೇ 1ರ ಮಿತಿಯಲ್ಲೇ ಇತ್ತು. 2022ರ ಡಿಸೆಂಬರ್‌ನಲ್ಲಿ ಅದನ್ನು ಶೇ 2ಕ್ಕೆ ಏರಿಸುವ ಗುರಿ ಹಾಕಿಕೊಂಡು, ಐದು ವರ್ಷಕ್ಕೆ 43 ಟ್ರಿಲಿಯನ್ ಯೆನ್ ಇಟ್ಟಿತು. ದುಡ್ಡು ಬಂತು, ಹುಡುಗರು ಬರಲಿಲ್ಲ. 2023ರ ಆರ್ಥಿಕ ವರ್ಷದಲ್ಲಿ ಆತ್ಮರಕ್ಷಣಾ ಪಡೆಗೆ 19 ಸಾವಿರಕ್ಕೂ ಹೆಚ್ಚು ಜನ ಬೇಕಿತ್ತು, ಸೇರಿದ್ದು ಅದರ ಅರ್ಧ. ಸೇರುವ ವಯಸ್ಸಿನ ಮಿತಿಯನ್ನು 2018ರಲ್ಲೇ 26ರಿಂದ 32ಕ್ಕೆ ಏರಿಸಿದ್ದರು. 2024ರಲ್ಲಿ ಆ ದೇಶದಲ್ಲಿ ಹುಟ್ಟಿದ ಜಪಾನಿ ಮಕ್ಕಳು 6.86 ಲಕ್ಷ. ಕರ್ನಾಟಕಕ್ಕಿಂತ ಹೆಚ್ಚು ಜನಸಂಖ್ಯೆ ಇರುವ, 12 ಕೋಟಿ ಜನರ ದೇಶ ಅದು. ಇವತ್ತು ಹುಟ್ಟದ ಮಗು 2044ರಲ್ಲಿ ಸೇನೆಗೆ ಸೇರುವುದಿಲ್ಲ. ಯಾವ ಬಜೆಟ್ಟೂ ಇದನ್ನು ಬದಲಿಸಲಾರದು. ಕೊರಿಯಾದಲ್ಲಿ ಕಡ್ಡಾಯ ಸೇನಾ ಸೇವೆ ಇದೆ. ಆದರೂ ಸೇನೆ ಸುಮಾರು 4.5 ಲಕ್ಷಕ್ಕೆ ಇಳಿದಿದೆ. ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು ಅನ್ನುವುದು 2023ರ ಅಲ್ಲಿನ ಲೆಕ್ಕ. ಕೊರಿಯಾದ ಹಡಗುಕಟ್ಟೆಗಳೂ ಈಗ ಹೊರದೇಶದ ಕೆಲಸಗಾರರನ್ನು ಕರೆಸಿಕೊಂಡೇ ನಡೆಯುತ್ತಿವೆ.

ಜರ್ಮನಿ 2011ರಲ್ಲಿ ಕಡ್ಡಾಯ ಸೇವೆಯನ್ನು ನಿಲ್ಲಿಸಿತ್ತು. ಈಗ ಸೈನಿಕರು ಸುಮಾರು 1.8 ಲಕ್ಷ, 2035ಕ್ಕೆ 2.6 ಲಕ್ಷ ಬೇಕಂತೆ. ಹಾಗಾಗಿ 2026ರಿಂದ 18 ತುಂಬಿದ ಪ್ರತಿ ಹುಡುಗನೂ ಪ್ರಶ್ನಾವಳಿ ತುಂಬಿ ಕಳಿಸುವುದು ಕಡ್ಡಾಯ. ಸೇರುವುದು ಸದ್ಯಕ್ಕೆ ಅವನಿಷ್ಟ. ಶಾಲಾ ಮಕ್ಕಳು ಬೀದಿಗಿಳಿದು ಪ್ರತಿಭಟಿಸಿದರು. ಅವರನ್ನು ನಾನು ಹಗುರವಾಗಿ ನೋಡುವುದಿಲ್ಲ. ಬರ್ಲಿನ್ ಗೋಡೆ ಬಿದ್ದು ಎಷ್ಟೋ ವರ್ಷಗಳಾದ ಮೇಲೆ ಹುಟ್ಟಿದವರು ಅವರು. ಯುದ್ಧ ಅನ್ನುವುದು ಅಜ್ಜ ಮುತ್ತಜ್ಜರ ಕಥೆ ಅಂತಲೇ ಬೆಳೆದವರು. ಅವರನ್ನು ಒಪ್ಪಿಸುವುದು ಸರ್ಕಾರದ ಕೆಲಸ, ಅದಕ್ಕೆ ಕಾಲ ಹಿಡಿಯುತ್ತದೆ.

ಅದೇ ಜರ್ಮನಿಯ ಸೇತುವೆಗಳ ಬಗ್ಗೆಯೂ ಹೇಳಬೇಕು. ಪಶ್ಚಿಮದ ಬಂದರಿನಿಂದ ಪೂರ್ವದ ಗಡಿಗೆ ಟ್ಯಾಂಕ್ ಸಾಗಬೇಕಾದರೆ ಆ ದೇಶವನ್ನು ದಾಟಲೇಬೇಕು. 2021ರ ಡಿಸೆಂಬರ್‌ನಲ್ಲಿ ಲ್ಯೂಡೆನ್‌ಶೈಡ್ ಹತ್ತಿರದ ಎ45 ಹೆದ್ದಾರಿಯ ರಾಹ್ಮೆಡೆ ಸೇತುವೆಯನ್ನು ಅಪಾಯ ಅಂತ ಮುಚ್ಚಿದರು, 2023ರಲ್ಲಿ ಸ್ಫೋಟಿಸಿ ಕೆಡವಿದರು. 2024ರ ಸೆಪ್ಟೆಂಬರ್‌ನಲ್ಲಿ ಡ್ರೆಸ್ಡೆನ್‌ನ ಕರೋಲಾ ಸೇತುವೆಯ ಒಂದು ಭಾಗ ರಾತ್ರಿ ತಾನಾಗಿ ಕುಸಿಯಿತು. ಕಾರು, ಟ್ರಾಮ್ ಹೊರಲಾಗದ ಸೇತುವೆ 60 ಟನ್ ಟ್ಯಾಂಕ್ ಹೊರುವುದೇ? ಮಿತಿ ಮೀರಿ ಸಾಲ ಮಾಡಬಾರದು ಎಂಬ ನಿಯಮವನ್ನು 2009ರಲ್ಲಿ ಸಂವಿಧಾನಕ್ಕೇ ಸೇರಿಸಿಕೊಂಡು, ರಿಪೇರಿಗಳನ್ನು ಮುಂದಕ್ಕೆ ತಳ್ಳುತ್ತಾ ಬಂದ ಫಲ ಇದು. 2025ರ ಮಾರ್ಚ್‌ನಲ್ಲಿ ಆ ನಿಯಮ ಸಡಿಲಿಸಿ, ಮೂಲಸೌಕರ್ಯಕ್ಕೆ 500 ಬಿಲಿಯನ್ ಯೂರೋ ನಿಧಿ ಇಟ್ಟರು. ಲಿಥುವೇನಿಯಾದಲ್ಲಿ ಸುಮಾರು 5,000 ಜನರ ಬ್ರಿಗೇಡ್ ಇಡುವ ಕೆಲಸವನ್ನೂ ಶುರು ಮಾಡಿದ್ದಾರೆ. ಅಲ್ಲೂ ಒಂದು ತೊಡಕು. ಲಿಥುವೇನಿಯಾ ಸೇರಿದಂತೆ ಬಾಲ್ಟಿಕ್ ದೇಶಗಳ ರೈಲು ಹಳಿ ಇಂದಿಗೂ ಬಹುಪಾಲು ರಷ್ಯನ್ ಅಳತೆಯದ್ದು, 1,520 ಮಿಲಿಮೀಟರ್. ಯುರೋಪಿನ ಹೆಚ್ಚಿನ ದೇಶಗಳದು 1,435. ಹಳಿ ಬದಲಾಗುವಲ್ಲಿ ಸರಕು ಇಳಿಸಿ ಹತ್ತಿಸಬೇಕು.

ಅಮೆರಿಕದ ಜೇಬಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. 2024ರ ಆರ್ಥಿಕ ವರ್ಷದಲ್ಲಿ ಅದು ಸಾಲದ ಬಡ್ಡಿಗೆ ಕೊಟ್ಟ ಹಣ ರಕ್ಷಣೆಗೆ ಖರ್ಚು ಮಾಡಿದ ಹಣಕ್ಕಿಂತ ಹೆಚ್ಚಾಯಿತು. ಆದ್ದರಿಂದ ಯಾವ ಪಕ್ಷ ಗೆದ್ದರೂ ಮಿತ್ರರ ಮೇಲೆ ಒತ್ತಡ ಕಡಿಮೆಯಾಗುವುದಿಲ್ಲ. ಟ್ರಂಪ್ ಹೋದರೆ ಎಲ್ಲ ಸರಿಯಾಗುತ್ತದೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಒತ್ತಡ ಹಾಕುವ ರೀತಿ ಒಂದಿರುತ್ತದೆ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೆ ಆದಂತೆ ಎನ್ನುವ ನ್ಯಾಟೋದ 5ನೇ ವಿಧಿಯನ್ನು ಇಲ್ಲಿಯವರೆಗೆ ಬಳಸಿದ್ದು ಒಂದೇ ಸಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅಮೆರಿಕದ ಪರವಾಗಿ. ಡೆನ್ಮಾರ್ಕ್ ಎಂಬ ಪುಟ್ಟ ದೇಶ ಅಫ್ಘಾನಿಸ್ತಾನದಲ್ಲಿ ತನ್ನ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಅದೇ ಡೆನ್ಮಾರ್ಕ್‌ನ ಗ್ರೀನ್‌ಲ್ಯಾಂಡ್ ನಮಗೆ ಬೇಕು ಅಂತ ಅಮೆರಿಕದ ಅಧ್ಯಕ್ಷರು ಮತ್ತೆ ಮತ್ತೆ ಹೇಳಿದಾಗ, ಆ ಸೈನಿಕರ ತಂದೆತಾಯಿಗೆ ಏನನ್ನಿಸಿರಬೇಕು? ಇದು ಬರೀ ಭಾವನೆಯ ಮಾತಲ್ಲ. ಮುಂದಿನ ವಿಮಾನ ಯಾರಿಂದ ಕೊಳ್ಳಬೇಕು, 30 ವರ್ಷ ಯಾರ ಬಿಡಿಭಾಗ ನಂಬಬೇಕು ಎನ್ನುವ ತೀರ್ಮಾನಕ್ಕೆ ಈ ನೋವು ನೇರವಾಗಿ ತಟ್ಟುತ್ತದೆ.

ಒಕಿನಾವಾದ ಜನರನ್ನೂ ಬಿಡಬಾರದು. ಜಪಾನ್‌ನ ನೆಲದಲ್ಲಿ ಶೇ 0.6ರಷ್ಟಿರುವ ಆ ದ್ವೀಪ ಪ್ರಾಂತ್ಯದ ಮೇಲೆ, ಆ ದೇಶದಲ್ಲಿ ಅಮೆರಿಕ ಸೇನೆ ಒಂದೇ ಬಳಸುವ ಜಾಗದ ಸುಮಾರು ಶೇ 70 ಇದೆ. ಊರ ನಡುವಿನ ಫುತೆನ್ಮಾ ವಿಮಾನನೆಲೆಯನ್ನು ತೆಗೆಯುತ್ತೇವೆ ಅಂತ 1996ರಲ್ಲಿ ಒಪ್ಪಿದ್ದರು. ಬದಲಿ ಜಾಗ ಹೆನೊಕೊದಲ್ಲಿ ಸಮುದ್ರ ತುಂಬಿಸುವುದು ಬೇಡ ಅಂತ 2019ರ ಜನಮತದಲ್ಲಿ ಶೇ 70ಕ್ಕೂ ಹೆಚ್ಚು ಮತ ಬಿತ್ತು. ಕೆಲಸ ನಡೆದೇ ಇದೆ. ದೇಶಕ್ಕೆಲ್ಲ ಸಿಗುವ ರಕ್ಷಣೆಯ ಭಾರ ಒಂದೇ ಊರು ಹೊರಬೇಕಾದರೆ, ಆ ಊರಿನ ಮಾತಿಗೆ ಈಗಿಗಿಂತ ಹೆಚ್ಚು ಬೆಲೆ ಇರಬೇಕು ಅಂತ ನನ್ನ ಅಭಿಪ್ರಾಯ.

ಕೊನೆಯದಾಗಿ, ನಮಗೇನಾದರೂ ಆಗುವುದಿದೆಯೇ ಅಂತ ಕೇಳಿದ್ದೀರಿ. ಭಾರತ ಅಮೆರಿಕದ ಒಪ್ಪಂದದ ಮಿತ್ರ ಅಲ್ಲ. ಆದರೂ ಈ ಕೊರತೆಯ ಬಿಸಿ ಬೆಂಗಳೂರಿಗೆ ಆಗಲೇ ತಟ್ಟಿದೆ. 2021ರ ಫೆಬ್ರವರಿಯಲ್ಲಿ ವಾಯುಪಡೆ ಎಚ್‌ಎಎಲ್‌ಗೆ 83 ತೇಜಸ್ ಮಾರ್ಕ್-1ಎ ವಿಮಾನಗಳ ಆರ್ಡರ್ ಕೊಟ್ಟಿತು. ಅವಕ್ಕೆ ಬೇಕಾದ 99 ಎಫ್404 ಎಂಜಿನ್‌ಗೆ ಅದೇ ವರ್ಷ ಅಮೆರಿಕದ ಜಿಇ ಕಂಪನಿಗೆ ಆರ್ಡರ್ ಹೋಯಿತು. ಜಿಇಯಲ್ಲಿ ಆ ಎಂಜಿನ್ ತಯಾರಿಸುವ ಸಾಲು ಐದು ವರ್ಷದಿಂದ ನಿಂತಿತ್ತು. ಬಿಡಿಭಾಗ ಮಾಡುತ್ತಿದ್ದವರನ್ನು ಮತ್ತೆ ಹುಡುಕಿ, ಮತ್ತೆ ಒಪ್ಪಿಸಿ, ಸಾಲು ಶುರು ಮಾಡಬೇಕಾಯಿತು. 2024ರ ಮಾರ್ಚ್ ಹೊತ್ತಿಗೆ ವಿಮಾನ ಬರಲು ಶುರುವಾಗಬೇಕಿತ್ತು. ಮೊದಲ ಎಂಜಿನ್ ಕೈಗೆ ಬಂದಿದ್ದೇ 2025ರ ಮಾರ್ಚ್‌ನಲ್ಲಿ. ಆ ಸೆಪ್ಟೆಂಬರ್ 26ರಂದು ಮಿಗ್-21 ವಿಮಾನಗಳು ಚಂಡೀಗಢದಲ್ಲಿ ಕೊನೆಯ ಸಲ ಹಾರಿದವು. ಅವುಗಳ ಜಾಗ ತುಂಬಲು ಹೊಸ ತೇಜಸ್ ಇನ್ನೂ ತಯಾರಿರಲಿಲ್ಲ.

ಇನ್ನೊಂದು ಕಡೆ, ನಮಗೆ ಇದರಲ್ಲಿ ಕೆಲಸವೂ ಇದೆ. 2022ರ ಆಗಸ್ಟ್‌ನಲ್ಲಿ ಅಮೆರಿಕದ ನೌಕಾಪಡೆಯ ಚಾರ್ಲ್ಸ್ ಡ್ರೂ ಎಂಬ ಸರಬರಾಜು ಹಡಗು ಚೆನ್ನೈ ಹತ್ತಿರದ ಕಾಟುಪಳ್ಳಿಗೆ ರಿಪೇರಿಗೆ ಬಂತು. ಭಾರತದಲ್ಲಿ ಅದೇ ಮೊದಲು. ಹನ್ನೊಂದು ದಿನ ಕಟ್ಟೆಯಲ್ಲಿ ನಿಂತು, ಕೆಲಸ ಮುಗಿಸಿಕೊಂಡು ಹೋಯಿತು. ಆಮೇಲೆ ಅಂಥ ಇನ್ನಷ್ಟು ಹಡಗುಗಳಿಗೆ ಒಪ್ಪಂದವೂ ಆಗಿದೆ. ವೆಲ್ಡರ್‌ಗಳು ಇರುವ ಕಡೆಗೆ ಹಡಗುಗಳು ಬರುತ್ತಿವೆ.